ಕೊಯ್ಲಿನ ಗಡಿಬಿಡಿ, ಅಂಗಡಿಯ ಟೆನ್ಶನ್ ನಡುವೆ ಶುಗರ್: ನಮ್ಮ ಕಡೆಯ ದಿನಚರಿಗೆ ಬೇಕಾದ ಮಾಹಿತಿ

ಹೇರೂರು (ಸಿದ್ದಾಪುರ): ಜನವರಿ ತಿಂಗಳು, ಮಧ್ಯಾಹ್ನ ಮೂರೂವರೆ. ಅಡಿಕೆ ಕೊಯ್ಲು ಜೋರಿತ್ತು, ನಮ್ಮ ಕಿರಾಣಿ ಅಂಗಡಿಯಲ್ಲಿ ರಶ್ಶು. ಅಪ್ಪ ಒಬ್ಬರಿಗೆ ಐನೂರರ ನೋಟಿಗೆ ಎರಡು ಸಲ ಚಿಲ್ಲರೆ ಕೊಟ್ಟ. ಅವರು ಪಾಪ ವಾಪಸ್ ಕೊಡಲು ಬಂದರೆ ಅವರ ಮೇಲೇ ರೇಗಿದ. ಅಪ್ಪ ಹಾಗೆಲ್ಲ ಗಿರಾಕಿಗಳ ಮೇಲೆ ರೇಗುವವನಲ್ಲ. ಚಳಿಗಾಲದಲ್ಲೂ ಅಂಗಿ ಬೆವರಿನಿಂದ ಒದ್ದೆ, ತಕ್ಕಡಿ ಹಿಡಿದ ಕೈ ನಡುಗುತ್ತಿತ್ತು. ನಾನು ಬಿಪಿ ಅಂದುಕೊಂಡೆ. ಸಾಮಾನಿಗೆ ಬಂದಿದ್ದ ಒಬ್ಬ ರಿಟೈರ್ಡ್ ಕಂಪೌಂಡರ್ ಕೇಳಿದ್ದು ಒಂದೇ ಪ್ರಶ್ನೆ: “ಊಟ ಆತಾ?”

“ಇಲ್ಲೆ” ಅಂದ ಅಪ್ಪ.

ಅವರು ನನ್ನ ಹತ್ತಿರ ಮೂರು ಚಮಚ ಸಕ್ಕರೆ ನೀರಿಗೆ ಹಾಕಿಸಿ ಕುಡಿಸಿದರು. ಅಷ್ಟರಲ್ಲಿ ಮನೆಯಿಂದ ಮಷಿನ್ ತಂದು ನೋಡಿದರೆ 54. ಕಾಲು ಗಂಟೆಯಲ್ಲಿ ಅಪ್ಪ ಸರಿಯಾದ. ಬೆಳಿಗ್ಗೆ ಎಂಟಕ್ಕೆ ಎರಡು ದೋಸೆ ತಿಂದು ಮಾತ್ರೆ ನುಂಗಿದವ ಆಮೇಲೆ ಚಾ ಬಿಟ್ಟರೆ ಏನೂ ತಿಂದಿರಲಿಲ್ಲ. ಎಂಟು ವರ್ಷದಿಂದ ‘ಶುಗರ್ ಜಾಸ್ತಿ ಆಗಬಾರದು’ ಅಂತ ಕೇಳುತ್ತಾ ಬಂದ ನಮಗೆ, ಕಮ್ಮಿಯಾದರೆ ಮನುಷ್ಯ ನಿಂತಲ್ಲೇ ಬೀಳಬಹುದು ಅಂತ ಗೊತ್ತಾದದ್ದು ಅವತ್ತು.

ನಾನು ಡಾಕ್ಟರ್ ಅಲ್ಲ. ಡಿಗ್ರಿಯನ್ನೂ ಮುಗಿಸಿಲ್ಲ, ಅಂಗಡಿಯಲ್ಲಿ ಕೂರಲು ಜನ ಬೇಕಾಗಿತ್ತು. ಆದರೆ ಆ ದಿನದಿಂದ ಕೇಳಿ, ಓದಿ ತಿಳಿದದ್ದನ್ನು ನಮ್ಮ ತಾಲೂಕಿನ ದಿನಚರಿಗೆ ಹೊಂದುವ ಹಾಗೆ ಇಲ್ಲಿ ಬರೆದಿದ್ದೇನೆ. ಮಾತ್ರೆ ಹೆಚ್ಚು ಕಮ್ಮಿ ಮಾಡುವುದು ನಿಮ್ಮ ಡಾಕ್ಟರ್ ಕೆಲಸ. ಅವರ ಹತ್ತಿರ ಏನು ಕೇಳಬೇಕು ಅನ್ನುವುದಕ್ಕೆ ಇದು ಉಪಯೋಗ ಆಗಬಹುದು.

ಎಷ್ಟಿದ್ದರೆ ಕಾಯಿಲೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಪೇಟೆಯವರ ಕಾಯಿಲೆ ಅನ್ನುವ ಮಾತು ಹಳೆಯದಾಯಿತು.

ಖಾಲಿ ಹೊಟ್ಟೆಯ ಶುಗರ್ 100ರ ಒಳಗಿದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಮತ್ತು ಮೇಲೆ ಇದ್ದರೆ ಕಾಯಿಲೆ. ಗ್ಲೂಕೋಸ್ ಕುಡಿಸಿ ಎರಡು ತಾಸು ಬಿಟ್ಟು ನೋಡುವ ಪರೀಕ್ಷೆಯಲ್ಲಿ 200 ದಾಟಿದರೆ ಕಾಯಿಲೆ. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಮತ್ತು ಮೇಲೆ ಬಂದರೆ ಕಾಯಿಲೆ. ಲಕ್ಷಣ ಏನೂ ಇಲ್ಲದವರು ಒಂದೇ ಪರೀಕ್ಷೆ ನಂಬದೆ ಎರಡನೇ ಸಲ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಕಾಯಿಲೆ ಇರುವ ಹೆಚ್ಚಿನವರಿಗೆ ಡಾಕ್ಟರು ಹಾಕುವ ಗುರಿ ಖಾಲಿ ಹೊಟ್ಟೆಗೆ 80ರಿಂದ 130, ಊಟ ಮಾಡಿ ಎರಡು ತಾಸಿಗೆ 180ರ ಒಳಗೆ, ಮೂರು ತಿಂಗಳದ್ದು 7ರ ಒಳಗೆ. ವಯಸ್ಸಾದವರಿಗೆ, ಒಬ್ಬರೇ ಇರುವವರಿಗೆ ಇದನ್ನು ಸ್ವಲ್ಪ ಸಡಿಲ ಮಾಡ್ತಾರೆ, ಯಾಕೆಂದರೆ ಅವರಿಗೆ ಶುಗರ್ ಕಮ್ಮಿಯಾಗಿ ಬೀಳುವುದೇ ಹೆಚ್ಚು ಅಪಾಯ. ರಕ್ತಹೀನತೆ ಇದ್ದರೆ ಮೂರು ತಿಂಗಳ ಪರೀಕ್ಷೆ ತಪ್ಪು ಲೆಕ್ಕ ತೋರಿಸಬಹುದು. ನಮ್ಮ ಕಡೆ ಹೆಂಗಸರಲ್ಲಿ ರಕ್ತ ಕಮ್ಮಿ ಇರುವವರು ಬಹಳ, ಹಾಗಾಗಿ ಡಾಕ್ಟರಿಗೆ ಅದನ್ನು ಹೇಳಿ.

ಟೆನ್ಶನ್ ಆದರೆ ಶುಗರ್ ಏರುವುದು ನಿಜವೇ?

ನಿಜ. ಗಾಬರಿ, ಸಿಟ್ಟು, ಚಿಂತೆ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಬಿಡುತ್ತದೆ. ಓಡಲಿಕ್ಕೋ ಹೊಡೆದಾಡಲಿಕ್ಕೋ ಶಕ್ತಿ ಬೇಕಲ್ಲ, ಅದಕ್ಕೆ ಯಕೃತ್ತು ತನ್ನ ದಾಸ್ತಾನಿನ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಹಿಂದೆ ಹುಲಿ ಕಂಡರೆ ಓಡಲು ಆ ಗ್ಲೂಕೋಸ್ ಖರ್ಚಾಗುತ್ತಿತ್ತು. ಈಗ ಸೊಸೈಟಿ ಸಾಲದ ಕಂತು, ಎಲೆಚುಕ್ಕಿ ಹಿಡಿದ ತೋಟ, ಟೆಂಡರಿನಲ್ಲಿ ಬಿದ್ದ ರೇಟು, ಉದ್ರಿ ವಸೂಲಿ. ಕೂತಲ್ಲೇ ಕೂತು ಮಾಡುವ ಚಿಂತೆಗೆ ಗ್ಲೂಕೋಸ್ ಖರ್ಚಾಗುವುದಿಲ್ಲ.

ನಿದ್ದೆ ಕೆಟ್ಟರೂ ಇದೇ ಕಥೆ. ರಾತ್ರಿಯಿಡೀ ಆಟ ನೋಡಿ ಬಂದರೆ, ಇಲ್ಲಾ ಅಡಿಕೆ ಬೇಯಿಸುವ ಒಲೆಯ ಮುಂದೆ ಒಂದು ಗಂಟೆವರೆಗೆ ಕೂತರೆ, ಮಾರನೇ ದಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಏನೂ ತಿನ್ನದೆ ಫಾಸ್ಟಿಂಗ್ ಹೇಗೆ ಏರಿತು ಅಂತ ತಲೆಕೆಡಿಸಿಕೊಳ್ಳುವವರು ಹಿಂದಿನ ರಾತ್ರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಒಂಬತ್ತು ದಿನ ನಡೆಯುತ್ತದೆ. ಅಲ್ಲಿ ಅಂಗಡಿ ಹಾಕುವವರು ಎಷ್ಟು ತಾಸು ಮಲಗುತ್ತಾರೆ ಅಂತ ಅವರನ್ನೇ ಕೇಳಿ. ಜಾತ್ರೆ ಮುಗಿದ ವಾರ ಪರೀಕ್ಷೆ ಮಾಡಿಸಿ, ಹೆಚ್ಚು ಬಂತು ಅಂತ ಹೆದರಿ ತಾವೇ ಮಾತ್ರೆ ಜಾಸ್ತಿ ಮಾಡಿಕೊಳ್ಳುವವರೂ ಇದ್ದಾರೆ. ನಿದ್ದೆ ಸರಿಯಾದ ಮೇಲೆ ಅದೇ ಹೆಚ್ಚಿನ ಮಾತ್ರೆ ಶುಗರನ್ನು ಕೆಳಗೆ ಎಳೆಯುತ್ತದೆ.

ಚಿಂತೆಗೆ ‘ಯೋಗ ಮಾಡಿ, ನಗುತ್ತಾ ಇರಿ’ ಅಂತ ಬರೆದು ಮುಗಿಸಬಹುದಿತ್ತು. ತೋಟ ಹೋಗುತ್ತಿರುವವರಿಗೆ ನಗು ಅಂದರೆ ಹೇಗೆ? ರಾತ್ರಿ ನಿದ್ದೆ ಬರುವುದಿಲ್ಲ, ಯಾವುದೂ ಬೇಡ ಅನ್ನಿಸುತ್ತದೆ, ಮಾತ್ರೆಯೂ ಬೇಡ ಅನ್ನಿಸುತ್ತದೆ ಅಂತ ಎರಡು ವಾರ ಹೋದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡ್ತಾರೆ, ಹಣ ಇಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

‘ಗ್ಲಿ’ ಅಂತ ಶುರುವಾಗುವ ಮಾತ್ರೆ

ಅಪ್ಪನಿಗೆ ಆದದ್ದಕ್ಕೆ ಕಾರಣ ಇಲ್ಲಿದೆ. ನಾವು ಮಾತ್ರೆಯನ್ನು ಬಣ್ಣದಿಂದ, ಕಂಪನಿ ಹೆಸರಿನಿಂದ ಗುರುತಿಸ್ತೇವೆ. ಒಳಗೆ ಯಾವ ಔಷಧ ಇದೆ ಅಂತ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರ್ತದೆ. ಅದನ್ನು ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಮೆಟ್‌ಫಾರ್ಮಿನ್ ಒಂದೇ ಇದ್ದರೆ, ಊಟ ತಡವಾದರೂ ಸಾಮಾನ್ಯವಾಗಿ ಶುಗರ್ ಪಾತಾಳಕ್ಕೆ ಇಳಿಯುವುದಿಲ್ಲ. ಊಟದ ಜೊತೆ ತಗೊಂಡರೆ ಹೊಟ್ಟೆ ಕೆಡುವುದೂ ಕಮ್ಮಿ. ಆದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ – ಹೀಗೆ ‘ಗ್ಲಿ’ಯಿಂದ ಶುರುವಾಗುವ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಹೆಚ್ಚು ಬರೆದುಕೊಡುವುದು ಎರಡೂ ಸೇರಿದ ಮಾತ್ರೆ, ಅಂದರೆ ಒಂದೇ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಅದನ್ನು ನುಂಗಿ ಊಟ ಬಿಟ್ಟರೆ ಕಥೆ ಕೆಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗಂತೂ ಹೇಳುವುದೇ ಬೇಡ.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ, “ನನ್ನ ಮಧ್ಯಾಹ್ನದ ಊಟ ದಿನಾ ಮೂರು ಗಂಟೆ ಆಗ್ತದೆ, ಕೊಯ್ಲಿನಲ್ಲಿ ರಾತ್ರಿ ಊಟ ಹತ್ತೂವರೆ” ಅಂತ ನಿಜ ಹೇಳಿ. ನಾವು ಹೇಳುವುದು “ಸರಿಯಾಗಿ ಮಾಡ್ತೆ ಸಾರ್” ಅಂತ. ಅವರು ಎಂಟು, ಒಂದು, ಎಂಟು ಗಂಟೆಯ ಊಟ ಲೆಕ್ಕ ಹಾಕಿ ಮಾತ್ರೆ ಬರೀತಾರೆ. ತಪ್ಪು ಯಾರದ್ದು? ಊಟ ತಪ್ಪಿದರೂ ಶುಗರ್ ಅಷ್ಟು ಇಳಿಸದ ಬೇರೆ ಜಾತಿಯ ಮಾತ್ರೆಗಳೂ ಈಗ ಇವೆ. ನಿಮ್ಮ ದಿನಚರಿ ಗೊತ್ತಾದರೆ ತಾನೇ ಅವರು ಬದಲಿಸುವುದು.

ಬೆಳಿಗ್ಗೆ ಮರೆತ ಮಾತ್ರೆಯನ್ನು ರಾತ್ರಿಯದ್ದಕ್ಕೆ ಸೇರಿಸಿ ಎರಡು ನುಂಗಬೇಡಿ. ‘ನಿನ್ನೆ ಮದುವೆ ಊಟ ಜೋರಾಯ್ತು’ ಅಂತ ಇವತ್ತು ಒಂದು ಹೆಚ್ಚು ಹಾಕುವುದೂ ಬೇಡ.

ಕಮ್ಮಿಯಾದಾಗ ಏನು ಮಾಡಬೇಕು

70ಕ್ಕಿಂತ ಕೆಳಗೆ ಇಳಿದರೆ ಕಮ್ಮಿ ಅಂತ ಲೆಕ್ಕ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಒಮ್ಮೆಲೇ ಹಸಿವು, ಕಣ್ಣು ಮಂಜು, ಕಾರಣ ಇಲ್ಲದ ಸಿಟ್ಟು, ಲೆಕ್ಕ ತಪ್ಪುವುದು. ಅಂಗಡಿಯವರಿಗೆ ಕೊನೆಯ ಎರಡು ಬೇಗ ಗೊತ್ತಾಗ್ತದೆ, ಅಲ್ಲ, ಪಕ್ಕದವರಿಗೆ ಗೊತ್ತಾಗ್ತದೆ. ನೋಡುವವರಿಗೆ ಕುಡಿದವನ ಹಾಗೆ ಕಾಣುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ತೊದಲುತ್ತಾ ಕೂತವರನ್ನೆಲ್ಲ ಕುಡುಕ ಅಂತ ಬಿಟ್ಟು ಹೋಗಬೇಡಿ.

ಮಷಿನ್ ಇದ್ದರೆ ನೋಡಿ, ಇಲ್ಲದಿದ್ದರೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯಬೇಕು. ಸುಮಾರು 15 ಗ್ರಾಂ ಆಗ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಸರಿಯಾದ ಮೇಲೆ ಊಟವನ್ನೋ ತಿಂಡಿಯನ್ನೋ ಮಾಡಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಚಾಕಲೇಟು, ಬಿಸ್ಕೀಟು ಇದಕ್ಕೆ ಬೇಗ ಕೆಲಸ ಮಾಡುವುದಿಲ್ಲ, ಅದರಲ್ಲಿರುವ ಕೊಬ್ಬು, ಹಿಟ್ಟು ಕರಗಲು ಹೊತ್ತು ಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ, ಅದು ಸಕ್ಕರೆ ಒಡೆಯುವುದನ್ನೇ ತಡೆಯುವ ಔಷಧ. ಅಂಥವರಿಗೆ ಸಕ್ಕರೆ ನೀರು ಬೇಗ ಹತ್ತುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ನಮ್ಮ ಗಲ್ಲಾಪೆಟ್ಟಿಗೆ ಪಕ್ಕ ಈಗ ಒಂದು ಗ್ಲೂಕೋಸ್ ಡಬ್ಬ ಕಾಯಂ ಇದೆ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ‘ಗ್ಲಿ’ ಮಾತ್ರೆಯಿಂದ ಹೀಗಾದವರು ಎಚ್ಚರ ಆದ ಮೇಲೂ ಆಸ್ಪತ್ರೆಗೆ ಹೋಗಬೇಕು. ಔಷಧದ ಅಂಶ ದೇಹದಲ್ಲಿ ಉಳಿದಿರ್ತದೆ, ರಾತ್ರಿ ನಿದ್ದೆಯಲ್ಲಿ ಮತ್ತೆ ಇಳಿಯಬಹುದು.

ಮರ ಹತ್ತುವ ಕೊನೆಗೌಡರಿಗೆ ಇದು ಜೀವದ ಪ್ರಶ್ನೆ. ಈಗ ಫೈಬರ್ ದೋಟಿ ಬಂದು ಹತ್ತುವುದು ಕಮ್ಮಿ ಆದರೂ ನಿಂತಿಲ್ಲ. ಇನ್ಸುಲಿನ್ ಅಥವಾ ‘ಗ್ಲಿ’ ಮಾತ್ರೆ ತಗೊಳ್ಳುವವರು ತಿಂಡಿ ತಿನ್ನದೆ ಮರಕ್ಕೆ ಕೈ ಹಚ್ಚಬಾರದು. ಕೆಲಸಕ್ಕೆ ಕರೆಯುವ ತೋಟದವರೂ “ತಿಂಡಿ ಆತಾ, ಮಾತ್ರೆ ಎಂತದು” ಅಂತ ಒಂದು ಮಾತು ಕೇಳಬಹುದು. ರಾತ್ರಿ ಬೈಕಿನಲ್ಲಿ ಘಟ್ಟದ ರಸ್ತೆ ಹಿಡಿಯುವವರಿಗೂ ಇದೇ ಮಾತು.

ಊಟದ ಹೊತ್ತು, ಮತ್ತೆ ಚಾ

ಅಪ್ಪನಿಗೆ ಡಾಕ್ಟರ್ ಮಾತ್ರೆಯನ್ನೂ ಬದಲಿಸಿದರು, ಒಂದು ಶರತ್ತನ್ನೂ ಹಾಕಿದರು: ಒಂದೂಕಾಲಕ್ಕೆ ಊಟ. ಅಂಗಡಿ ಬಾಗಿಲು ಅರ್ಧ ಎಳೆದು ‘ಊಟದ ಹೊತ್ತು 1.15ರಿಂದ 1.40’ ಅಂತ ರಟ್ಟಿನ ಮೇಲೆ ಬರೆದು ತೂಗಿಬಿಟ್ಟೆವು. ಮೊದಲ ವಾರ ಗಿರಾಕಿಗಳು ಗೊಣಗಿದರು. “ಬ್ಯಾಂಕಿನವರ ಹಾಗೆ ಆತಲ್ಲ ನಿಂಗಳದ್ದು” ಅಂದರು. ಈಗ ಯಾರೂ ಆ ಹೊತ್ತಿಗೆ ಬರುವುದಿಲ್ಲ, ಎರಡು ಗಂಟೆಗೆ ಬರ್ತಾರೆ. ವ್ಯಾಪಾರ ಏನೂ ಕಮ್ಮಿ ಆಗಿಲ್ಲ.

ಹಾಗೆ ಬಾಗಿಲು ಎಳೆಯಲು ಆಗದವರು ಕೂಡ ಹನ್ನೊಂದು ಗಂಟೆಗೆ ಒಂದು ಮುಷ್ಟಿ ಶೇಂಗಾ ಅಥವಾ ಬೇಯಿಸಿದ ಹೆಸರುಕಾಳು, ಒಂದು ಲೋಟ ಮಜ್ಜಿಗೆ ಇಟ್ಟುಕೊಳ್ಳಬಹುದು. ಆದರೆ ಅದು ಊಟ ಅಲ್ಲ, ಊಟ ಬರುವವರೆಗಿನ ಆಸರೆ.

ಇನ್ನು ಚಾ. ಕಂಪನಿಯ ಲೈನ್ ಗಾಡಿಯವರು ಬಂದರೆ ಚಾ, ಉದ್ರಿ ತೀರಿಸಲು ಬಂದವರಿಗೆ ಚಾ, ತೀರಿಸದವರಿಗೂ ಚಾ. ದಿನಕ್ಕೆ ಎಂಟು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಒಟ್ಟು ಹದಿನಾರು ಚಮಚ. ಚಮಚಕ್ಕೆ 4–5 ಗ್ರಾಂ ಹಿಡಿದರೂ 64–80 ಗ್ರಾಂ ಆಯಿತು. ಆರೋಗ್ಯವಂತರಿಗೂ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ನಾನು ಸಿಹಿ ಮುಟ್ಟುವುದೇ ಇಲ್ಲ’ ಅನ್ನುವವರ ಲೆಕ್ಕ ಇದು. ಕಷಾಯಕ್ಕೆ ಬೆಲ್ಲ ಹಾಕಿದರೆ ತೊಂದರೆ ಇಲ್ಲ ಅನ್ನುವುದೂ ತಪ್ಪು. ಬೆಲ್ಲ, ಜೋನಿ ಬೆಲ್ಲ, ಜೇನುತುಪ್ಪ – ರಕ್ತಕ್ಕೆ ಹೋದ ಮೇಲೆ ಎಲ್ಲಾ ಒಂದೇ. ಆಲೆಮನೆಯಲ್ಲಿ ಕಬ್ಬಿನಹಾಲು ‘ಪ್ರಕೃತಿದತ್ತ’ ಅಂತ ನಾಲ್ಕು ಲೋಟ ಕುಡಿದು ಬಂದವರು ಎರಡು ತಾಸು ಬಿಟ್ಟು ಮಷಿನ್ ಹಚ್ಚಿ ನೋಡಲಿ. ಅರ್ಧ ಲೋಟ ರುಚಿ ನೋಡಿ, ಮಂಡಕ್ಕಿ ಮೆಣಸಿನಕಾಯಿ ಬಜೆಗೂ ಸ್ವಲ್ಪ ಕೈ ಹಿಡಿದರೆ ಆಲೆಮನೆಗೆ ಹೋಗುವುದನ್ನೇ ಬಿಡಬೇಕಾಗಿಲ್ಲ.

ಅನ್ನ ಬಿಟ್ಟು ಚಪಾತಿ ಹಿಡಿದವರು ನಮ್ಮಲ್ಲಿ ಬಹಳ. ನಾಲ್ಕು ಚಪಾತಿ ತಿಂದು ಅನ್ನ ಬಿಟ್ಟೆ ಅಂದರೆ ಲಾಭ ಇಲ್ಲ, ಅಳತೆಯೇ ಮುಖ್ಯ. ಅರ್ಧ ತಟ್ಟೆ ಪಲ್ಯ, ಹಶಿ, ಕೋಸಂಬರಿ. ಕಾಲು ಭಾಗ ಅನ್ನ. ಕಾಲು ಭಾಗ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೀನು. ಒಂದೆಲಗದ ತಂಬುಳಿ, ಅಪ್ಪೆಹುಳಿಗೆ ಬೆಲ್ಲ ಕಮ್ಮಿ ಹಾಕಿದರೆ ಎಷ್ಟು ಬೇಕಾದರೂ ಉಣ್ಣಬಹುದು, ಆದರೆ ಅದರ ನೆಪದಲ್ಲಿ ಅನ್ನ ಮೂರು ಸಲ ಬೀಳದ ಹಾಗೆ ನೋಡಿಕೊಳ್ಳಿ. ಪಂಕ್ತಿಯಲ್ಲಿ ಕೂತಾಗ ಅನ್ನ ಬರುವ ಮೊದಲೇ ಬಾಳೆಯ ಮೇಲಿನ ಪಲ್ಯ, ಕೋಸಂಬರಿ ತಿಂದು ಮುಗಿಸಿ. ತರಕಾರಿ ಮೊದಲು, ಅನ್ನ ಆಮೇಲೆ ಅಂತ ಉಂಡರೆ ಶುಗರ್ ನಿಧಾನ ಏರುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ.

ಮದುವೆ, ಉಪನಯನದ ಮನೆಯಲ್ಲಿ ಬಾಳೆ ಹಾಕುವುದು ಎರಡೂವರೆ, ಮೂರು. ಮಧ್ಯಾಹ್ನದ ಮಾತ್ರೆಯನ್ನು ಮನೆಯಲ್ಲೇ ನುಂಗಿ ಹೊರಡಬೇಡಿ, ಜೇಬಲ್ಲಿ ಇಟ್ಟುಕೊಂಡು ಬಾಳೆ ಹಾಕಿದ ಮೇಲೆ ತಗೊಳ್ಳಿ. ತಿಥಿ ಮಾಡುವವರು ಮೂರು ಗಂಟೆಯವರೆಗೆ ಉಪವಾಸ ಇರಬೇಕಾಗ್ತದೆ. ಅಂಥ ದಿನದ ಮಾತ್ರೆ, ಇನ್ಸುಲಿನ್ ಹೇಗೆ ಅಂತ ವಾರ ಮೊದಲೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಹಾಲು ಹಣ್ಣಿಗೆ ಅಡ್ಡಿ ಇಲ್ಲ ಅಂತ ಹೇಳುವ ಭಟ್ಟರೂ ಬಹಳ ಇದ್ದಾರೆ, ಕೇಳಲು ನಾಚಿಕೆ ಬೇಡ.

ಕವಳದ ವಿಷಯ ಅಡಿಕೆ ಊರಲ್ಲಿ ಕೂತು ಬರೆಯುವುದು ಕಷ್ಟ. ಆದರೂ ಬರೆಯಬೇಕು. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಮೇಲೆ ನಮ್ಮಲ್ಲಿ ವಾದ ವಿವಾದ ಇದ್ದೇ ಇದೆ. ಅದನ್ನು ಬದಿಗಿಟ್ಟರೂ, ತೈವಾನಿನಲ್ಲಿ ಕವಳ ಹಾಕುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿದೆ. ಹಸಿವನ್ನು ಮುಂದೂಡಲು ಕವಳ ಹಾಕುವ ಅಭ್ಯಾಸ ಇನ್ನೊಂದು ತೊಂದರೆ. ಊಟದ ಹೊತ್ತು ದಾಟಿದ್ದೇ ಗೊತ್ತಾಗುವುದಿಲ್ಲ. ಹೊಗೆಸೊಪ್ಪು ಸೇರಿದರೆ ಕಾಲಿನ ರಕ್ತನಾಳಕ್ಕೂ, ಒಸಡಿಗೂ ಹೊಡೆತ. ಬೆಳೆಯುವುದು ಬೇರೆ, ದಿನಕ್ಕೆ ಹದಿನೈದು ಸಲ ಬಾಯಿಗೆ ಹಾಕುವುದು ಬೇರೆ.

ದುಡಿಮೆ ಇದ್ದ ದಿನ, ಇಲ್ಲದ ದಿನ

“ಇಡೀ ದಿನ ತೋಟದಲ್ಲೇ ಇರ್ತೆ, ಮತ್ತೆ ವಾಕಿಂಗ್ ಎಂತಕ್ಕೆ?” ಕೆಲಸ ಮಾಡುವವರಿಗೆ ಸರಿ. ಬದುವಿನ ಮೇಲೆ ನಿಂತು ಕೆಲಸ ಮಾಡಿಸುವವರಿಗೆ ಅಲ್ಲ. ನಮ್ಮಂಥ ಅಂಗಡಿಯವರಿಗೂ ಅಲ್ಲ, ನಿಂತಿರುವುದು ನಡೆದ ಲೆಕ್ಕಕ್ಕೆ ಬರುವುದಿಲ್ಲ. ಮೂರು ಹೊತ್ತಿನ ಊಟದ ನಂತರ ಹತ್ತತ್ತು ನಿಮಿಷ ನಡೆದರೆ ಊಟದ ಶುಗರ್ ಚೆನ್ನಾಗಿ ಇಳಿಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಬೂಟು ಹಾಕಿ ಹೊರಡಬೇಕು ಅಂತ ಇಲ್ಲ.

ನಮ್ಮ ಕಡೆಯ ವಿಶೇಷ ಅಂದರೆ ದುಡಿಮೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಕೊಯ್ಲಿನ ಮೂರು ತಿಂಗಳು ಮೈಮುರಿ ಕೆಲಸ, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವ ದಿನ ಬಿಟ್ಟರೆ ಜಗುಲಿ. ಒಂದೇ ಮಾತ್ರೆ ಎರಡಕ್ಕೂ ಹೊಂದುವುದಿಲ್ಲ. ಜೋರು ದುಡಿದ ದಿನ ಶುಗರ್ ಆಗಲೂ ಇಳಿಯಬಹುದು, ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಕೊಯ್ಲು ಶುರುವಾಗುವ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಡಾಕ್ಟರನ್ನು ಕಂಡರೆ ಒಳ್ಳೆಯದು. ನೆನಪಿಡಲು ಒಂದು ದಿನ ಇದೆ: ನವೆಂಬರ್ 14. ಮಕ್ಕಳ ದಿನಾಚರಣೆ ಅಂತ ಎಲ್ಲರಿಗೂ ಗೊತ್ತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ, ಹಾಗಾಗಿ ವಿಶ್ವ ಮಧುಮೇಹ ದಿನ.

ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರಲ್ಲಿ ಹೆಂಗಸರೇ ಹೆಚ್ಚು. ಅವರ ಊಟ ಎಲ್ಲರದ್ದೂ ಆದ ಮೇಲೆ, ಪರೀಕ್ಷೆಯೂ ಎಲ್ಲರದ್ದೂ ಆದ ಮೇಲೆ. ಬಸುರಿದ್ದಾಗ ಶುಗರ್ ಬಂದು ಹೋದವರು ಆಮೇಲೆ ತಿರುಗಿ ನೋಡುವುದೇ ಇಲ್ಲ. ಅವರಿಗೆ ಮುಂದೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ತಪ್ಪದೆ ಪರೀಕ್ಷೆ ಬೇಕು.

ಕಾಲು, ಉಂಬಳ, ಬಚ್ಚಲ ಒಲೆ

ಶುಗರ್ ಹಳೆಯದಾದರೆ ಪಾದದ ನರ ಸತ್ತು ನೋವು ಗೊತ್ತಾಗುವುದಿಲ್ಲ. “ಎಂಗೆಂತೂ ಆಯ್ದಿಲ್ಲೆ” ಅನ್ನುವವರ ಕಾಲಲ್ಲೇ ಗಾಯ ಇರುವುದು. ಬರಿಗಾಲಲ್ಲಿ ತೋಟಕ್ಕೆ ಹೋಗುವ ಅಭ್ಯಾಸ ಇಲ್ಲಿ ಬಹಳ ದುಬಾರಿ. ಗಂಬೂಟ್ ಹಾಕಿ, ಹಾಕುವ ಮೊದಲು ಕೊಡವಿ ಒಳಗೆ ಕೈ ಹಾಕಿ ನೋಡಿ. ಉಂಬಳ ಕಚ್ಚಿದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಬಿಟ್ಟಿರ್ತದೆ, ಸ್ವಲ್ಪ ಹೊತ್ತು ರಕ್ತ ಹರಿಯುವುದು ಸಹಜ. ಸಾಬೂನು ನೀರಿನಲ್ಲಿ ತೊಳೆದು ಒತ್ತಿ ಹಿಡಿಯಿರಿ. ತೊಂದರೆ ಬರುವುದು ಆಮೇಲೆ ತುರಿಸಿ ತುರಿಸಿ ಹುಣ್ಣು ಮಾಡಿಕೊಂಡಾಗ.

ಮಳೆಗಾಲದಲ್ಲಿ ಬಚ್ಚಲ ಒಲೆಗೆ ಕಾಲು ಚಾಚಿ ಕೂರುವ ಸುಖ ಎಲ್ಲರಿಗೂ ಬೇಕು. ನರ ಸತ್ತ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನೂ ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ರಾತ್ರಿ ಮಲಗುವ ಮೊದಲು ಕಾಲು ತೊಳೆದು ಬೆರಳ ಸಂದು ಒರೆಸಿ, ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಎರಡು ದಿನದಲ್ಲಿ ಒಣಗದ ಗಾಯ, ಕೆಂಪು, ಬಾವು, ವಾಸನೆ ಇದ್ದರೆ ಮದ್ದು ಅರೆದು ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಜ್ವರ ಬಂದರೆ ಊಟ ಸೇರದಿದ್ದರೂ ಶುಗರ್ ಏರುತ್ತದೆ. ‘ಉಂಡಿಲ್ಲ’ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಗಂಜಿ ತಿಳಿ, ನೀರು ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ. ವಾಂತಿ ಆಗುತ್ತಿದ್ದರೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂಥ ಮಾತ್ರೆಗಳನ್ನು ಆ ದಿನಗಳಲ್ಲಿ ತಗೊಳ್ಳಬೇಕೋ ಬೇಡವೋ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕಾಡಿನ ಅಂಚಿನಲ್ಲಿರುವ ನಮಗೆ ಮಂಗನ ಕಾಯಿಲೆಯ ಹೆದರಿಕೆ ಬೇರೆ ಇದೆ. ಕೊಯ್ಲಿನ ಕಾಲಕ್ಕೇ ಅದರದ್ದೂ ಕಾಲ. ಜ್ವರ, ತಲೆನೋವು, ಮೈಕೈ ನೋವು ಬಂದ ಶುಗರಿನವರು ಎರಡು ದಿನ ಕಾದು ನೋಡುವುದು ಬೇಡ, ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ.

ಕರೆಂಟ್ ಹೋದಾಗ ಇನ್ಸುಲಿನ್

ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರಲು ಮೂರು ದಿನ ಆಗುವುದೂ ಇದೆ. ಗಾಬರಿ ಬೇಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಬಾಟಲಿ ಅಥವಾ ಪೆನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. ಮಳೆಗಾಲದ ಮಲೆನಾಡಿನ ಮನೆ ಹೇಗೂ ತಂಪು. ಬೇಸಿಗೆಯಲ್ಲಾದರೆ ಮಣ್ಣಿನ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಮಡಕೆ ಇಟ್ಟು, ಅದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬೈಕಿನ ಡಿಕ್ಕಿಯೂ ಬೇಡ.

ಏಕನಾಯಕನ ಬೇರು, ಇನ್ಸುಲಿನ್ ಗಿಡ

ನಮ್ಮ ಕಾಡಿನ ಏಕನಾಯಕ ಶುಗರಿಗೆ ಹಳೆಯ ಮದ್ದು. ಪೂರ್ತಿ ಸುಳ್ಳಲ್ಲ, ಸಕ್ಕರೆ ಒಡೆಯುವುದನ್ನು ತಡೆಯುವ ಅಂಶ ಅದರಲ್ಲಿ ಇದೆ ಅಂತ ಸಂಶೋಧನೆ ಹೇಳುತ್ತದೆ. ಆದರೆ ಬೇರಿನಿಂದ ಬೇರಿಗೆ ಸತ್ವ ಬೇರೆ, ಅಳತೆ ಇಲ್ಲ. ಮಾತ್ರೆಯ ಜೊತೆ ಕುಡಿದರೆ ಒಮ್ಮೆಲೇ ಇಳಿಯಬಹುದು, ಮಾತ್ರೆ ಬಿಟ್ಟು ಕುಡಿದರೆ ಒಳಗಿಂದೊಳಗೆ ಏರಬಹುದು. ಹಾಗಲ, ನೇರಳೆ ಬೀಜ, ಹಿತ್ತಲಿನ ಇನ್ಸುಲಿನ್ ಗಿಡಕ್ಕೂ ಇದೇ ಮಾತು. ಕುಡಿಯುವುದೇ ಆದರೆ ಡಾಕ್ಟರಿಗೆ ಹೇಳಿ ಕುಡಿಯಿರಿ, ಬೈದರೆ ಬೈಸಿಕೊಳ್ಳಿ. ಮತ್ತೆ ಎಲ್ಲರೂ ಬೇರು ಅಗೆಯುತ್ತಾ ಹೋದರೆ ಗಿಡವೇ ಉಳಿಯುವುದಿಲ್ಲ ಅನ್ನುವುದೂ ಇದೆ.

ಪರೀಕ್ಷೆ, ಔಷಧಿ ಎಲ್ಲಿ?

30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ತಾಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಅಂತಲೇ ಇರ್ತದೆ, ಎನ್‌ಸಿಡಿ ಅಂತ ಕೇಳಿದರೆ ತೋರಿಸ್ತಾರೆ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು, ಅದರಲ್ಲಿ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡ್ತಾರೆ. ಆಶಾ ಕಾರ್ಯಕರ್ತೆ ಚೀಟಿ ಹಿಡಿದು ಬಂದಾಗ ‘ಅಂಗಡಿ ರಶ್ಶು, ನಾಳೆ ಬನ್ನಿ’ ಅಂತ ಕಳಿಸಬೇಡಿ. ಅವರಿಗೂ ನೂರೆಂಟು ಮನೆ ಇದೆ. ಔಷಧಿ ಹೊರಗೆ ಕೊಳ್ಳುವವರು ಜನೌಷಧಿ ಅಂಗಡಿಯಲ್ಲಿ ಅದೇ ಔಷಧದ ರೇಟು ಕೇಳಿ ನೋಡಿ.

ದಿನಾ ಬೆರಳು ಚುಚ್ಚಲು ಖರ್ಚು ಬರುತ್ತದೆ ಅನ್ನುವವರು, ಮಾತ್ರೆಯಲ್ಲಿ ಮಾತ್ರ ಇದ್ದು ಶುಗರ್ ಹತೋಟಿಯಲ್ಲಿದ್ದರೆ, ವಾರಕ್ಕೆ ಎರಡು ಪಟ್ಟಿಯಲ್ಲೂ ಕೆಲಸ ಸಾಗಿಸಬಹುದು. ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯದ್ದು, ಇನ್ನೊಂದು ದಿನ ಊಟದ ಎರಡು ತಾಸಿನ ನಂತರದ್ದು. ಮುಂದಿನ ವಾರ ಹೊತ್ತು ಬದಲಿಸಿ. ಬರೆದಿಡಲು ಉದ್ರಿ ಪುಸ್ತಕದ ಕೊನೆಯ ಹಾಳೆ ಸಾಕು, ಪಕ್ಕದಲ್ಲಿ ಅವತ್ತು ಎಂತ ವಿಶೇಷ ಅಂತ ಎರಡು ಶಬ್ದ: ‘ಮದುವೆ’, ‘ನಿದ್ದೆ ಇಲ್ಲ’, ‘ಕೊಯ್ಲು’. ಇನ್ಸುಲಿನ್ ತಗೊಳ್ಳುವವರಿಗೆ ಇಷ್ಟು ಸಾಲದು, ಅವರ ಲೆಕ್ಕ ಡಾಕ್ಟರ್ ಹೇಳಿದ ಹಾಗೆ.

ಮೂರು ತಿಂಗಳ ಸರಾಸರಿ ಪರೀಕ್ಷೆ ಮೂರರಿಂದ ಆರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪಾದದ ಸ್ಪರ್ಶ ನೋಡಿಸಬೇಕು. ಕನ್ನಡಕದ ನಂಬರ್ ನೋಡಿಸಿದ್ದು ಕಣ್ಣಿನ ಒಳಪದರ ನೋಡಿಸಿದ ಹಾಗೆ ಅಲ್ಲ, ಹನಿ ಹಾಕಿ ನೋಡುವುದು ಬೇರೆಯೇ ಪರೀಕ್ಷೆ. ಹನಿ ಹಾಕಿದ ಮೇಲೆ ಕೆಲವು ತಾಸು ಕಣ್ಣು ಮಂಜಾಗಿರ್ತದೆ. ಅವತ್ತು ಬೈಕ್ ಬಿಟ್ಟು ಬಸ್ಸಿಗೆ ಹೋಗಿ, ಅಂಗಡಿಗೆ ಬೇರೆ ಜನ ನೋಡಿಕೊಳ್ಳಿ.

ಆರೋಗ್ಯ ಸಲಹೆಗೆ 104, ಆಂಬುಲೆನ್ಸಿಗೆ 108, ಮನಸ್ಸಿನ ವಿಷಯಕ್ಕೆ 14416. ಅಪ್ಪನ ಅಂಗಿ ಜೇಬಿನಲ್ಲಿ ಈಗ ಒಂದು ಚೀಟಿ ಇರ್ತದೆ: ಹೆಸರು, ‘ಶುಗರ್ ಇದೆ’ ಅನ್ನುವ ಮಾತು, ಮಾತ್ರೆಯ ಹೆಸರು, ನನ್ನ ಮೊಬೈಲ್ ನಂಬರ್. ಅಂಗಿ ಒಗೆಯಲು ಹಾಕುವಾಗ ಅಮ್ಮ ಮೊದಲು ಅದನ್ನು ತೆಗೆದಿಡುತ್ತಾಳೆ.